ಹಳೆಯ ಕಾರಿನ ಹೀಟರ್ ಬಿಸಿ ಕೊಡುತ್ತಿಲ್ಲವೇ? ಮೊದಲು ಎರಡು ಪೈಪು ಮುಟ್ಟಿ ನೋಡಿ

ಹೀಟರಿನಿಂದ ಬಿಸಿ ಬರುತ್ತಿಲ್ಲ ಎಂದು ಗ್ಯಾರೇಜಿಗೆ ಹೋದರೆ ಬಹಳ ಕಡೆ ಮೊದಲು ಕೇಳಿಬರುವ ಮಾತು ‘ಹೀಟರ್ ಕೋರ್ ಹೋಗಿದೆ’ ಅನ್ನುವುದು. ಹೀಟರಿಗೆ ಸಂಬಂಧಪಟ್ಟ ಕೆಲಸಗಳಲ್ಲೆಲ್ಲ ದುಬಾರಿ ಅದೇ. ಸಾಮಾನಿನ ಬೆಲೆ ಅಷ್ಟೇನೂ ಇಲ್ಲ. ಆದರೆ ಅದನ್ನು ತಲುಪಬೇಕಾದರೆ ಬಹುತೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಕೂಲಿಯೇ ಜೇಬು ಖಾಲಿ ಮಾಡುತ್ತದೆ. ನಿಜವಾದ ಕಾರಣ ಅನೇಕ ಸಲ ಇದಕ್ಕಿಂತ ತೀರಾ ಸಣ್ಣದು: ಎಂಜಿನ್ ತಣಿಸುವ ದ್ರವವಾದ ಕೂಲಂಟ್ ಕಡಿಮೆಯಾಗಿರುತ್ತದೆ, ಎಂಜಿನ್ ಕಾದ ಮೇಲಷ್ಟೇ ಅದನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಎಂಬ ವಾಲ್ವ್ ತೆರೆದೇ ಕೂತಿರುತ್ತದೆ, ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಒಂದು ಕೇಬಲ್ ಕ್ಲಿಪ್ಪಿನಿಂದ ಜಾರಿರುತ್ತದೆ. ಹಾಗಾಗಿ ಯಾವ ಸಾಮಾನನ್ನೂ ಕೊಳ್ಳುವ ಮೊದಲು ಬಿಸಿ ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಪತ್ತೆಮಾಡಿ. ಅದಕ್ಕೆ ಕೈ ಮತ್ತು ತಾಳ್ಮೆ ಸಾಕು.

ಉದಾಹರಣೆಗೆ 2003ರಿಂದ 2008ರ ನಡುವಿನ ಟೊಯೊಟಾ ಕೊರೋಲಾವನ್ನು ಇಟ್ಟುಕೊಳ್ಳುತ್ತೇನೆ. ಬಿಡದಿಯಲ್ಲಿ ತಯಾರಾಗಿ ನಮ್ಮ ರಸ್ತೆಗಿಳಿದ ಕೊರೋಲಾಗೂ, ಕೆನಡಾ, ಮಿಷಿಗನ್ ಕಡೆ ಓದಲು ಹೋದ ನಮ್ಮ ಹುಡುಗರು ಮೂರನೇ ಕೈಯಿಂದಲೋ ನಾಲ್ಕನೇ ಕೈಯಿಂದಲೋ ಕೊಳ್ಳುವ ಕೊರೋಲಾಗೂ ಸಾಮಾನ್ಯವಾಗಿ ಇರುವುದು ಒಂದೇ ಎಂಜಿನ್, 1.8 ಲೀಟರಿನ 1ಝಡ್‌ಝಡ್. ಬೆಂಗಳೂರಿನಲ್ಲಿ ಹೀಟರ್ ಕೆಟ್ಟರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಟೊರಾಂಟೊದಲ್ಲಿ ಜನವರಿ ಬೆಳಿಗ್ಗೆ ಗಾಜಿನ ಮೇಲಿನ ಹಿಮವೇ ಬಿಡುವುದಿಲ್ಲ. ನಿಮ್ಮದು ಬೇರೆ ಕಾರಾದರೂ ಪರೀಕ್ಷೆಯ ದಾರಿ ಇದೇ. ನಟ್ಟು ಬೋಲ್ಟಿನ ಜಾಗ ಮಾತ್ರ ಬದಲಾಗುತ್ತದೆ.

ಬಿಸಿ ಬರುವುದು ಎಲ್ಲಿಂದ

ಪೆಟ್ರೋಲ್ ಕಾರಿನ ಹೀಟರ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಎಂಜಿನ್ನಿನ ಸುತ್ತ ಹರಿದು ಕಾದ ಕೂಲಂಟಿನಲ್ಲಿ ಸ್ವಲ್ಪ ಭಾಗ ಹೆಬ್ಬೆರಳು ಗಾತ್ರದ ರಬ್ಬರ್ ಪೈಪಿನ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಬರುತ್ತದೆ. ಹೀಟರ್ ಕೋರ್ ಅನ್ನುವುದು ಇದನ್ನೇ. ಬ್ಲೋವರ್ ಅದರ ಮೇಲೆ ಗಾಳಿ ಬೀಸುತ್ತದೆ, ಬಿಸಿ ಬಿಟ್ಟುಕೊಟ್ಟ ಕೂಲಂಟ್ ಇನ್ನೊಂದು ಪೈಪಿನಲ್ಲಿ ವಾಟರ್ ಪಂಪಿಗೆ ಮರಳುತ್ತದೆ. ಎಷ್ಟು ಗಾಳಿ ಕೋರಿನ ಮೂಲಕ ಹೋಗಬೇಕು, ಎಷ್ಟು ಪಕ್ಕದಿಂದ ತಣ್ಣಗೇ ದಾಟಬೇಕು ಎಂಬುದನ್ನು ಒಳಗಿನ ಒಂದು ಪ್ಲಾಸ್ಟಿಕ್ ಬಾಗಿಲು ನಿರ್ಧರಿಸುತ್ತದೆ. ನೀವು ತಿರುಗಿಸುವ ನೀಲಿ-ಕೆಂಪು ಗುಬುಟು ಆಡಿಸುವುದು ಆ ಬಾಗಿಲನ್ನು. ಕೆಲವು ಹಳೆಯ ಕಾರುಗಳಲ್ಲಿ ಬಾಗಿಲಿನ ಜೊತೆಗೆ ಬಿಸಿನೀರಿನ ಪೈಪಿಗೇ ಒಂದು ವಾಲ್ವ್ ಇರುತ್ತದೆ.

ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ ಮೂರೇ. ಎಂಜಿನ್ ಸರಿಯಾಗಿ ಕಾಯುತ್ತಿದೆಯೇ? ಕಾದ ನೀರು ಕೋರಿನವರೆಗೆ ಬರುತ್ತಿದೆಯೇ? ಅಲ್ಲಿಂದ ಬಿಸಿ ಗಾಳಿ ಒಳಗೆ ಬರುತ್ತಿದೆಯೇ?

ಕೈ ಹಾಕುವ ಮುನ್ನ

ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಒಳಗಿನ ಕೂಲಂಟ್ ಒತ್ತಡದಲ್ಲಿರುತ್ತದೆ; ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಎರಚುತ್ತದೆ. ಮೇಲಿನ ದಪ್ಪ ಪೈಪನ್ನು ಹಿಚುಕಿದಾಗ ಮೆತ್ತಗೆ, ತಣ್ಣಗೆ ಇದ್ದರೆ ಮಾತ್ರ ಬಿಚ್ಚಿ. ಎಂಜಿನ್ ಓಡುವಾಗ ಬೆಲ್ಟು, ಫ್ಯಾನಿನ ಹತ್ತಿರ ದುಪಟ್ಟಾ, ಸ್ಕಾರ್ಫು, ಸಡಿಲ ತೋಳು ಇರಬಾರದು. ರೇಡಿಯೇಟರ್ ಫ್ಯಾನ್ ಯಾವ ಸೂಚನೆಯೂ ಇಲ್ಲದೆ ತಿರುಗತೊಡಗುತ್ತದೆ.

ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ರುಚಿ ಸಿಹಿ. ನಾಯಿ, ಬೆಕ್ಕು, ಮಕ್ಕಳು ನೆಕ್ಕುವ ಅಪಾಯ ಇರುವುದು ಅದಕ್ಕೇ. ಇಳಿಸಿದ್ದನ್ನು ಮುಚ್ಚಳವಿರುವ ಡಬ್ಬಿಗೆ ತುಂಬಿಡಿ, ನೆಲಕ್ಕೆ ಚೆಲ್ಲಿದ್ದನ್ನು ತಕ್ಷಣ ತೊಳೆಯಿರಿ. ಚಳಿಯ ನಾಡಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು: ಹೊರಗೆ ಕೈ ಮರಗಟ್ಟುತ್ತದೆಂದು ಗ್ಯಾರೇಜಿನ ಬಾಗಿಲು ಮುಚ್ಚಿಕೊಂಡು ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಮೊದಲ ಹೆಜ್ಜೆ: ಲಕ್ಷಣ ಏನೆಂದು ಸರಿಯಾಗಿ ಹೇಳಿಕೊಳ್ಳಿ

‘ಬಿಸಿ ಬರಲ್ಲ’ ಅನ್ನುವ ಒಂದೇ ಮಾತಿನಲ್ಲಿ ನಾಲ್ಕೈದು ಬೇರೆ ಬೇರೆ ಕಾಯಿಲೆ ಅಡಗಿರುತ್ತವೆ. ಗಾಳಿಯೇ ಕಡಿಮೆ ಬರುತ್ತಿದ್ದು, ಬಂದಷ್ಟು ಬಿಸಿಯಾಗಿದ್ದರೆ ತೊಂದರೆ ನೀರಿನದಲ್ಲ, ಗಾಳಿಯ ದಾರಿಯದು. ಗಾಳಿ ಜೋರಾಗಿದ್ದು ಉಗುರುಬೆಚ್ಚಗೆ ಮಾತ್ರ ಇದ್ದರೆ ನೀರಿನ ಕಡೆ ನೋಡಬೇಕು, ಇಲ್ಲವೇ ಒಳಗಿನ ಬಾಗಿಲು ಅರ್ಧಕ್ಕೆ ನಿಂತಿರಬೇಕು. ಹೈವೇಯಲ್ಲಿ ಚೆನ್ನಾಗಿ ಬಿಸಿ ಬಂದು ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ತಣ್ಣಗಾಗುವುದು ಕೂಲಂಟ್ ಕಡಿಮೆಯಾದ, ಗಾಳಿ ಸಿಕ್ಕಿಕೊಂಡ ಅಥವಾ ಪಂಪು ಸೋತ ಲಕ್ಷಣ. ಇದರ ತದ್ವಿರುದ್ಧವೂ ಉಂಟು: ನಿಂತಾಗ ಬೆಚ್ಚಗಿದ್ದು ಹೈವೇ ಹಿಡಿದ ಮೇಲೆ ತಣ್ಣಗಾಗುತ್ತದೆ, ಗೇಜಿನ ಸೂಜಿಯೂ ಜೊತೆಗೆ ಇಳಿಯುತ್ತದೆ. ಅದು ಬಹುತೇಕ ಥರ್ಮೋಸ್ಟಾಟ್ ತೆರೆದೇ ಉಳಿದದ್ದು. ಮುಂದಿನಿಂದ ನುಗ್ಗುವ ಥಂಡಿ ಗಾಳಿ ರೇಡಿಯೇಟರಿನಲ್ಲಿ ಎಂಜಿನ್ನಿನ ಬಿಸಿಯನ್ನೆಲ್ಲ ಎಳೆದುಕೊಂಡು ಹೋಗುತ್ತಿರುತ್ತದೆ.

ಬ್ಲೋವರ್ ನಾಲ್ಕನೇ ಸ್ಪೀಡಿನಲ್ಲಿ ಮಾತ್ರ ತಿರುಗಿ ಉಳಿದವುಗಳಲ್ಲಿ ಸುಮ್ಮನಿದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಕಡಿಮೆ ಸ್ಪೀಡುಗಳನ್ನು ಕೊಡುವ ಬ್ಲೋವರ್ ರೆಸಿಸ್ಟರ್ ಸುಟ್ಟಿದೆ. ಗ್ಲೌ ಬಾಕ್ಸಿನ ಹಿಂದೆ ಎರಡು ಸ್ಕ್ರೂ, ಒಂದು ಕನೆಕ್ಟರ್, ಅಷ್ಟೇ ಕೆಲಸ. ಕನೆಕ್ಟರಿನ ಪ್ಲಾಸ್ಟಿಕ್ ಕರಗಿದ್ದರೆ ಅದನ್ನೂ ಬದಲಿಸಿ.

ಒಳಗೆ ಬೆಲ್ಲದ ಪಾಕದಂಥ ಸಿಹಿ ವಾಸನೆ, ಗಾಜಿನ ಒಳಮೈ ಮೇಲೆ ಒರೆಸಿದರೂ ಹೋಗದ ಜಿಡ್ಡು ಮಂಜು, ಕಾಲಿನ ಕೆಳಗಿನ ಕಾರ್ಪೆಟ್ ಒದ್ದೆ, ಈ ಮೂರರಲ್ಲಿ ಎರಡು ಕಂಡರೂ ಹೀಟರ್ ಕೋರ್ ಸೋರುತ್ತಿದೆ ಎಂದು ಧಾರಾಳವಾಗಿ ಅನುಮಾನಿಸಬಹುದು. ಆಗ ಕೆಳಗಿನ ಪರೀಕ್ಷೆಗಳಲ್ಲಿ ಸಮಯ ಕಳೆಯದೆ ನೇರವಾಗಿ ಕೊನೆಯ ಭಾಗಕ್ಕೆ ಬನ್ನಿ.

ಎರಡನೇ ಹೆಜ್ಜೆ: ಕೂಲಂಟ್ ಮಟ್ಟ

ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ನೋಡಿ. ಪಕ್ಕದ ಬಿಳಿ ಬಾಟಲಿಯಲ್ಲಿ ಗೆರೆಯವರೆಗೆ ಇದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಎಂಜಿನ್ ತಣಿಯುವಾಗ ಬಾಟಲಿಯಿಂದ ಕೂಲಂಟನ್ನು ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಅರ್ಧ ಖಾಲಿ. ಕೂಲಂಟ್ ಮುಚ್ಚಳದ ಕತ್ತಿನವರೆಗೆ ಕಾಣಬೇಕು.

ಹೀಟರ್ ಕೋರ್ ಸಾಮಾನ್ಯವಾಗಿ ಎತ್ತರದಲ್ಲಿರುವುದರಿಂದ ಕೂಲಂಟ್ ಕಡಿಮೆಯಾದರೆ ಮೊದಲು ಗಾಳಿ ತುಂಬಿಕೊಳ್ಳುವುದು ಅಲ್ಲಿ. ಎಂಜಿನ್ ಇನ್ನೂ ಸುಖವಾಗಿರುತ್ತದೆ, ಗೇಜಿನ ಸೂಜಿ ಮಧ್ಯದಲ್ಲೇ ಇರುತ್ತದೆ, ಹೀಟರ್ ಮಾತ್ರ ಕೈಕೊಡುತ್ತದೆ. ಹೀಟರನ್ನು ಕಡೆಗಣಿಸಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಅದು ಚಳಿಯ ವಿಷಯ ಮಾತ್ರವಲ್ಲ, ಮುಂದೆ ಎಂಜಿನ್ ಕುದಿದು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಸುಡುವ ಮೊದಲು ಸಿಗುವ ಅಗ್ಗದ ಮುನ್ನೆಚ್ಚರಿಕೆಯೂ ಹೌದು.

ಕಡಿಮೆಯಿದ್ದರೆ ತುಂಬಿಸಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಮುಚ್ಚಿದ ವ್ಯವಸ್ಥೆಯಿಂದ ಕೂಲಂಟ್ ಸುಮ್ಮನೆ ಮಾಯವಾಗುವುದಿಲ್ಲ. ವಾಟರ್ ಪಂಪಿನ ಕೆಳಗೆ ಒಣಗಿದ ಗುಲಾಬಿ ಅಥವಾ ಬಿಳಿ ಕಲೆ, ಪೈಪಿನ ಕ್ಲಾಂಪಿನ ಸುತ್ತ ಪುಡಿಪುಡಿ ಉಪ್ಪಿನ ಪದರ, ರೇಡಿಯೇಟರಿನ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಸೇರುವ ಅಂಚು, ಇವನ್ನು ಟಾರ್ಚ್ ಹಾಕಿ ನೋಡಿ. ಸೋರಿಕೆ ನಿಲ್ಲಿಸುತ್ತದೆಂದು ಮಾರುವ ಪುಡಿ, ದ್ರವಗಳನ್ನು ಸುರಿಯಬೇಡಿ. ಅವಕ್ಕೆ ರೇಡಿಯೇಟರಿನ ತೂತು ಯಾವುದು, ಹೀಟರ್ ಕೋರಿನ ಸಣ್ಣ ನಾಳ ಯಾವುದು ಎಂಬ ಭೇದ ಗೊತ್ತಿಲ್ಲ.

ಮೂರನೇ ಹೆಜ್ಜೆ: ಎಂಜಿನ್ ಕಾಯುತ್ತಿದೆಯೇ

ಗೇಜಿನ ಸೂಜಿಯನ್ನು ಅರ್ಧ ಮಾತ್ರ ನಂಬಿ. ಅನೇಕ ಕಾರುಗಳಲ್ಲಿ ತಾಪ ಹತ್ತಿಪ್ಪತ್ತು ಡಿಗ್ರಿ ಆಚೀಚೆಯಾದರೂ ಸೂಜಿ ಕದಲದಂತೆ ಮಾಡಿರುತ್ತಾರೆ. ಸ್ಟಿಯರಿಂಗಿನ ಕೆಳಗಿರುವ, ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಒಂದನ್ನು ತಗೊಂಡರೆ ಕೂಲಂಟಿನ ನಿಜವಾದ ಡಿಗ್ರಿ ಫೋನಿನಲ್ಲೇ ಕಾಣುತ್ತದೆ. ಅಮೆರಿಕದಲ್ಲಿ 1996ರ ಮಾಡೆಲಿನಿಂದೀಚೆಗೆ ಎಲ್ಲ ಕಾರುಗಳಿಗೂ ಓಬಿಡಿ-2 ಕಡ್ಡಾಯ. ಭಾರತದ ಹಳೆಯ ಕಾರುಗಳಲ್ಲಿ ಸಾಕೆಟ್ ಇದ್ದರೂ ಎಲ್ಲ ಅಡಾಪ್ಟರುಗಳೂ ಮಾತಾಡುತ್ತವೆ ಎನ್ನುವಂತಿಲ್ಲ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಥರ್ಮೋಸ್ಟಾಟ್ ಹೌಸಿಂಗಿನ ಹತ್ತಿರ ಹಿಡಿದು ಅಂದಾಜು ಮಾಡಬಹುದು.

ಈ ಎಂಜಿನ್ನಿನ ಥರ್ಮೋಸ್ಟಾಟ್ ತೆರೆಯತೊಡಗುವುದು 80ರಿಂದ 84 ಡಿಗ್ರಿಯಲ್ಲಿ. ಇಪ್ಪತ್ತು ನಿಮಿಷ ಓಡಿಸಿದ ಮೇಲೂ ತಾಪ 60, 65ರಲ್ಲೇ ಹೊಯ್ದಾಡುತ್ತಿದ್ದರೆ, ಅಥವಾ ಹೈವೇಯಲ್ಲಿ 70ಕ್ಕಿಂತ ಕೆಳಗಿಳಿಯುತ್ತಿದ್ದರೆ, ಥರ್ಮೋಸ್ಟಾಟ್ ಮುಚ್ಚಿಕೊಳ್ಳುತ್ತಿಲ್ಲ. ಚೆಕ್ ಎಂಜಿನ್ ದೀಪ ಹೊತ್ತಿ ಪಿ0128 ಎಂಬ ಕೋಡ್ ಬಂದಿದ್ದರೆ ಕಾರೇ ಅದನ್ನು ಹೇಳುತ್ತಿದೆ. ಅಡಾಪ್ಟರ್ ಇಲ್ಲದಿದ್ದರೆ ಹೀಗೆ ಮಾಡಿ: ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷದ ಹೊತ್ತಿಗೆ ರೇಡಿಯೇಟರಿನ ಕೆಳಗಿನ ದಪ್ಪ ಪೈಪು ಮುಟ್ಟಿ. ಎಂಜಿನ್ ಇನ್ನೂ ಕಾಯದಿರುವಾಗಲೇ ಅದು ಬೆಚ್ಚಗಾಗತೊಡಗಿದರೆ ಕೂಲಂಟ್ ಆಗಲೇ ರೇಡಿಯೇಟರ್ ಸುತ್ತಿ ಬರುತ್ತಿದೆ ಎಂದರ್ಥ.

ಇಲ್ಲಿ ನಮ್ಮ ಊರಿನ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ‘ನಮ್ಮ ಹವೆಗೆ ಇದು ಬೇಡ ಸಾರ್, ಸುಮ್ಮನೆ ಎಂಜಿನ್ ಹೀಟ್ ಆಗುತ್ತೆ’ ಎಂದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಡುವ ಮೆಕ್ಯಾನಿಕ್ಕುಗಳು ಕರ್ನಾಟಕದ ಉದ್ದಗಲಕ್ಕೂ ಸಿಗುತ್ತಾರೆ. ಅಂಥ ಕಾರು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೇಗೋ ಕಾಯುತ್ತದೆ. ಅದೇ ಕಾರು ಮನಾಲಿಯಿಂದ ಲೇಹ್ ಕಡೆ ಹೊರಟರೆ, ಡಿಸೆಂಬರಿನಲ್ಲಿ ಊಟಿ ಹತ್ತಿದರೂ ಸಾಕು, ಹೀಟರಿನಿಂದ ಬರುವುದು ಬರೀ ಗಾಳಿ. ಜೊತೆಗೆ ಎಂಜಿನ್ ಇನ್ನೂ ತಣ್ಣಗಿದೆ ಎಂದು ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಮೈಲೇಜು ಕುಸಿಯುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಒಳಗೆ ಥರ್ಮೋಸ್ಟಾಟ್ ಇದೆಯೋ ಇಲ್ಲವೋ ಎಂದು ಒಮ್ಮೆ ತೆರೆಸಿ ನೋಡುವುದು ಒಳ್ಳೆಯದು.

ನಾಲ್ಕನೇ ಹೆಜ್ಜೆ: ಎರಡು ಪೈಪು

ಇದೇ ಇಡೀ ಕೆಲಸದ ತಿರುಳು. ಕಾರನ್ನು ಇಪ್ಪತ್ತು ನಿಮಿಷ ಓಡಿಸಿ ಬನ್ನಿ. ಗುಬುಟನ್ನು ಪೂರ್ತಿ ಕೆಂಪಿಗೆ ತಿರುಗಿಸಿ, ಬ್ಲೋವರ್ ಎರಡನೇ ಸ್ಪೀಡಿನಲ್ಲಿಟ್ಟು, ಬಾನೆಟ್ ಎತ್ತಿ. ಎಂಜಿನ್ನಿನ ಹಿಂದೆ, ಕ್ಯಾಬಿನ್ನಿನ ಗೋಡೆಯೊಳಗೆ ಹೋಗುವ ಎರಡು ಸಣ್ಣ ರಬ್ಬರ್ ಪೈಪುಗಳು ಅಕ್ಕಪಕ್ಕ ಕಾಣುತ್ತವೆ. ಎಸಿಯ ಅಲ್ಯೂಮಿನಿಯಂ ಪೈಪುಗಳೂ ಅಲ್ಲೇ ಹತ್ತಿರ ಇರುತ್ತವೆ, ಗೊಂದಲ ಮಾಡಿಕೊಳ್ಳಬೇಡಿ. ಗ್ಲೌಸ್ ಹಾಕಿದ ಬೆರಳಿನಿಂದ ಒಂದೊಂದನ್ನೂ ಕ್ಷಣ ಮಾತ್ರ ಮುಟ್ಟಿ. ಸರಿಯಾದ ಪೈಪು ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಿರಬೇಕು.

ಎರಡೂ ಚೆನ್ನಾಗಿ ಬಿಸಿ: ನೀರಿನ ಕಡೆ ಯಾವ ತೊಂದರೆಯೂ ಇಲ್ಲ. ಕೋರಿಗೆ ಬಿಸಿ ಬಂದು ವಾಪಸ್ಸೂ ಹೋಗುತ್ತಿದೆ. ಐದನೇ ಹೆಜ್ಜೆಗೆ ಹೋಗಿ.

ಒಂದು ಬಿಸಿ, ಇನ್ನೊಂದು ಉಗುರುಬೆಚ್ಚಗೆ ಅಥವಾ ತಣ್ಣಗೆ: ನೀರು ಕೋರಿನ ಬಾಯಿಗೆ ಬಂದು ನಿಂತಿದೆ. ಕೋರ್ ಕಟ್ಟಿಕೊಂಡಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಇನ್ಫ್ರಾರೆಡ್ ಥರ್ಮಾಮೀಟರಿನಲ್ಲಿ ಅಳೆದರೆ ಎರಡರ ನಡುವೆ ಹತ್ತು ಹದಿನೈದು ಡಿಗ್ರಿ ವ್ಯತ್ಯಾಸ ಸಹಜ, ಕೋರ್ ತನ್ನ ಕೆಲಸ ಮಾಡುತ್ತಿದೆ ಎಂದಷ್ಟೇ ಅದರರ್ಥ. ಮೂವತ್ತು ದಾಟಿದರೆ ಅನುಮಾನಿಸಿ.

ಎರಡೂ ತಣ್ಣಗೆ, ಆದರೆ ಎಂಜಿನ್ ಬಿಸಿ: ನೀರು ಈ ಕಡೆಗೇ ಬರುತ್ತಿಲ್ಲ. ವಾಲ್ವ್ ಇರುವ ಕಾರಾದರೆ ಅದು ಮುಚ್ಚಿಯೇ ಕೂತಿರಬಹುದು. ಅದರ ಕೇಬಲ್ ಹಿಡಿದು ಇನ್ನೊಬ್ಬರಿಗೆ ಗುಬುಟು ತಿರುಗಿಸಲು ಹೇಳಿ, ಲಿವರ್ ಆಡುತ್ತದೆಯೇ ನೋಡಿ. ವಾಲ್ವ್ ಇಲ್ಲದಿದ್ದರೆ ಕೂಲಂಟ್ ಕೊರತೆ, ಗಾಳಿ, ಇಲ್ಲವೇ ಪಂಪು. ಆಕ್ಸಿಲರೇಟರ್ 2500 ಆರ್‌ಪಿಎಮ್ಮಿಗೆ ಒತ್ತಿ ಹಿಡಿದಾಗ ಪೈಪು ಬಿಸಿಯೇರಿ, ಬಿಟ್ಟಾಗ ತಣಿದರೆ, ಕೂಲಂಟ್ ತುಂಬಿದೆ, ಗಾಳಿಯೂ ಇಲ್ಲ ಎಂದು ಖಚಿತವಿದ್ದರೆ, ಪಂಪಿನ ಒಳಗಿನ ರೆಕ್ಕೆ ಸವೆದಿರುವ ಸಾಧ್ಯತೆ ಹೆಚ್ಚು.

ಐದನೇ ಹೆಜ್ಜೆ: ಗಾಳಿಯ ಕಡೆ

ಗುಬುಟನ್ನು ನೀಲಿಯಿಂದ ಕೆಂಪಿಗೆ ಸರಕ್ಕನೆ ತಿರುಗಿಸಿ, ಕಿವಿಗೊಡಿ. ಬಾಗಿಲು ಬಡಿಯುವ ಮೆಲ್ಲನೆಯ ‘ಧಬ್’ ಸದ್ದು ಎರಡು ಕೊನೆಗಳಲ್ಲೂ ಕೇಳಬೇಕು. ಗುಬುಟು ತೀರಾ ಹಗುರವಾಗಿ ತಿರುಗುತ್ತಿದ್ದರೆ ಕೇಬಲ್ ಕಳಚಿದೆ. ಕೊನೆಯವರೆಗೆ ತಿರುಗದೆ ಬಿಗಿಯುತ್ತಿದ್ದರೆ ಕೇಬಲ್ ತುಕ್ಕು ಹಿಡಿದಿದೆ ಅಥವಾ ಬಾಗಿಲಿಗೆ ಏನೋ ಅಡ್ಡ ಬಂದಿದೆ. ಕೈಗುಬುಟಿನ ಕೊರೋಲಾದಂಥ ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಿದರೆ ಕೇಬಲ್ ಸೇರುವ ಪ್ಲಾಸ್ಟಿಕ್ ಲಿವರ್ ಕಾಣುತ್ತದೆ. ಲಿವರನ್ನು ಬೆರಳಿನಿಂದಲೇ ಪೂರ್ತಿ ಬಿಸಿಯ ಕಡೆ ತಳ್ಳಿ. ಆಗ ಚೆನ್ನಾಗಿ ಬಿಸಿ ಬಂದರೆ ಉಳಿದದ್ದು ಕೇಬಲ್ ಹೊಂದಿಸುವುದು ಮಾತ್ರ: ಗುಬುಟನ್ನು ಪೂರ್ತಿ ಕೆಂಪಿನಲ್ಲಿಟ್ಟು, ಲಿವರನ್ನು ಪೂರ್ತಿ ಬಿಸಿಯಲ್ಲಿ ಹಿಡಿದು, ಕೇಬಲಿನ ಹೊರಕವಚವನ್ನು ಕ್ಲಿಪ್ಪಿಗೆ ಕೂರಿಸಿ.

ಡಿಜಿಟಲ್ ಕ್ಲೈಮೇಟ್ ಕಂಟ್ರೋಲ್ ಇರುವ ಕಾರುಗಳಲ್ಲಿ ಕೇಬಲಿನ ಬದಲು ಸಣ್ಣ ಮೋಟರ್ ಇರುತ್ತದೆ. ಡ್ಯಾಶ್‌ಬೋರ್ಡಿನೊಳಗಿಂದ ಬಿಟ್ಟೂ ಬಿಡದೆ ಟಿಕ್ ಟಿಕ್ ಕೇಳಿಸಿದರೆ ಅದರ ಪ್ಲಾಸ್ಟಿಕ್ ಗೇರು ಹಲ್ಲು ಕಳೆದುಕೊಂಡಿದೆ. ಎಡಕ್ಕೆ ಬಿಸಿ, ಬಲಕ್ಕೆ ತಣ್ಣಗೆ ಬರುವುದೂ ಬಹಳ ಸಲ ಇದರಿಂದಲೇ, ಆದರೆ ಕೋರ್ ಅರ್ಧ ಕಟ್ಟಿದ್ದರೂ ಹಾಗೇ ಆಗುತ್ತದೆ, ಪೈಪಿನ ಪರೀಕ್ಷೆ ತಪ್ಪಿಸಬೇಡಿ. ವೆಂಟಿನಿಂದ ಸ್ಪಂಜಿನ ಪುಡಿ ಹಾರಿಬರುವುದು ಬಾಗಿಲಿಗೆ ಅಂಟಿಸಿದ ಫೋಮ್ ಹಳತಾಗಿ ಉದುರುತ್ತಿರುವುದರ ಗುರುತು. ಬಾಗಿಲಿನ ತೂತುಗಳಿಂದ ತಣ್ಣನೆ ಗಾಳಿ ನುಸುಳುತ್ತದೆ.

ಕ್ಯಾಬಿನ್ ಫಿಲ್ಟರ್ ಇರುವ ಕಾರಾದರೆ ತೆಗೆದು ಬೆಳಕಿಗೆ ಹಿಡಿಯಿರಿ. ಫಿಲ್ಟರ್ ಇಲ್ಲದ ಹಳೆಯ ಕಾರುಗಳಲ್ಲಿ ಎಲೆ, ಕಸ ನೇರವಾಗಿ ಬ್ಲೋವರಿಗೇ ಬೀಳುತ್ತವೆ. ತಿಂಗಳುಗಟ್ಟಲೆ ನಿಂತ ಕಾರಿನ ಬ್ಲೋವರಿನಲ್ಲಿ ಇಲಿ ಗೂಡು ಕಟ್ಟುವುದು ಮಲೆನಾಡಿನ ಕೊಟ್ಟಿಗೆಯಲ್ಲೂ ಉಂಟು, ಒಂಟಾರಿಯೊದ ಗ್ಯಾರೇಜಿನಲ್ಲೂ ಉಂಟು. ಹಿಮ ಬೀಳುವ ಕಡೆ ಬಾನೆಟ್ ಮತ್ತು ಗಾಜಿನ ನಡುವಿನ ಜಾಲರಿಯನ್ನು ಗುಡಿಸಿಯೇ ಹೊರಡಿ. ಬ್ಲೋವರ್ ಹೊರಗಾಳಿ ಎಳೆಯುವುದು ಅಲ್ಲಿಂದ.

ರಿಪೇರಿ: ಥರ್ಮೋಸ್ಟಾಟ್

1ಝಡ್‌ಝಡ್ ಎಂಜಿನ್ನಿನಲ್ಲಿ ಇದು ಆಲ್ಟರ್ನೇಟರಿನ ಹತ್ತಿರ, ರೇಡಿಯೇಟರಿನ ಕೆಳಪೈಪು ಎಂಜಿನ್ನಿಗೆ ಸೇರುವ ಕಡೆ ಇದೆ. ರೇಡಿಯೇಟರಿನ ಕೆಳಗಿನ ಪ್ಲಗ್ಗಿನಿಂದ ಕೂಲಂಟ್ ಇಳಿಸಿ. ಹೌಸಿಂಗಿಗೆ 10 ಎಂಎಂ ಸ್ಪ್ಯಾನರಿನ ಎರಡು ನಟ್ಟುಗಳಿವೆ. ಬಿಚ್ಚಿ ಮುಚ್ಚಳವನ್ನು ಮೆಲ್ಲಗೆ ಎಳೆದರೆ ಥರ್ಮೋಸ್ಟಾಟ್ ಕೈಗೆ ಬರುತ್ತದೆ. ಅದನ್ನು ಬೆಳಕಿಗೆ ಹಿಡಿಯಿರಿ. ತಣ್ಣಗಿರುವಾಗ ನಡುವಿನ ತಟ್ಟೆ ಅಂಚಿಗೆ ಒತ್ತಿ ಕೂತಿರಬೇಕು, ಬೆಳಕಿನ ಗೆರೆ ಕಂಡರೆ ಅದು ಕೆಟ್ಟಿದೆ. ಇನ್ನೂ ಅನುಮಾನವಿದ್ದರೆ ಅಡುಗೆಗೆ ಮತ್ತೆ ಬಳಸದ ಹಳೆಯ ಪಾತ್ರೆಯಲ್ಲಿ ನೀರು ಹಾಕಿ, ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. 80ರ ಸುಮಾರಿಗೆ ತೆರೆಯತೊಡಗಿ 95ಕ್ಕೆ ಒಂದು ಸೆಂಟಿಮೀಟರಾದರೂ ತೆರೆದಿರಬೇಕು.

ಹೊಸದನ್ನು ಕೂರಿಸುವಾಗ ಅದರ ಅಂಚಿನಲ್ಲಿ ಅಲುಗಾಡುವ ಪುಟ್ಟ ಪಿನ್ ಮೇಲ್ಮುಖವಾಗಿರಲಿ. ತುಂಬಿಸುವಾಗ ಗಾಳಿ ತಪ್ಪಿಸಿಕೊಳ್ಳುವ ಕಿಂಡಿ ಅದು. ಸುತ್ತಲಿನ ರಬ್ಬರ್ ರಿಂಗೂ ಹೊಸದಿರಲಿ, ಗ್ಯಾಸ್ಕೆಟ್ ಪೇಸ್ಟ್ ಬೇಡ. ನಟ್ಟುಗಳು ಸಣ್ಣವು, ಎದುರಿನದು ಅಲ್ಯೂಮಿನಿಯಂ. ಭುಜದ ಬಲ ಹಾಕಬೇಡಿ, ಮಣಿಕಟ್ಟಿನ ಬಲ ಸಾಕು. ಬೇಗ ಬಿಸಿ ಬರಲೆಂದು ಹೆಚ್ಚು ಡಿಗ್ರಿಯ ಥರ್ಮೋಸ್ಟಾಟ್ ಹಾಕುವವರಿದ್ದಾರೆ. ಕಂಪನಿ ಹೇಳಿದ ಡಿಗ್ರಿಯದೇ ಹಾಕಿ.

ರಿಪೇರಿ: ಕೋರ್ ತೊಳೆಯುವುದು

ಕೋರ್ ಕಟ್ಟಿದೆ ಎಂದು ಗೊತ್ತಾದರೂ ಬದಲಿಸುವ ಮೊದಲು ಒಮ್ಮೆ ತೊಳೆದು ನೋಡಿ. ಎಂಜಿನ್ ಪೂರ್ತಿ ತಣಿದ ಮೇಲೆ ಆ ಎರಡು ಪೈಪುಗಳ ಕ್ಲಾಂಪ್ ಹಿಂದಕ್ಕೆ ಸರಿಸಿ. ಯಾವುದು ಒಳಹೋಗುವ ಪೈಪು, ಯಾವುದು ಹೊರಬರುವುದು ಎಂದು ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಹದಿನೈದು ಇಪ್ಪತ್ತು ವರ್ಷದ ರಬ್ಬರ್ ಪೈಪು ಲೋಹದ ನಳಿಗೆಗೆ ಅಂಟಿಬಿಟ್ಟಿರುತ್ತದೆ. ಹಿಡಿದು ಜಗ್ಗಿದರೆ ನಳಿಗೆಯೇ ಬಾಗುತ್ತದೆ ಅಥವಾ ಕೋರಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ತಪ್ಪಿಸಬೇಕೆಂದಿದ್ದ ಡ್ಯಾಶ್‌ಬೋರ್ಡ್ ಕೆಲಸ ಆಗ ಖಂಡಿತ. ಮೊದಲು ತಿರುಚಿ ನೋಡಿ. ಬರದಿದ್ದರೆ ಬ್ಲೇಡಿನಿಂದ ಪೈಪನ್ನು ಉದ್ದಕ್ಕೆ ಸೀಳಿ ಬಿಡಿಸಿ, ಹೊಸ ಪೈಪು ಹಾಕಿ.

ಹೊರಬರುವ ನಳಿಗೆಗೆ ಗಾರ್ಡನ್ ಪೈಪು ಸಿಕ್ಕಿಸಿ, ಇನ್ನೊಂದು ನಳಿಗೆಗೆ ಒಂದು ತುಂಡು ಪೈಪು ಹಾಕಿ ಬಕೆಟ್ಟಿಗೆ ಬಿಡಿ. ನಲ್ಲಿಯನ್ನು ಸ್ವಲ್ಪ ಸ್ವಲ್ಪವೇ ತೆರೆಯಿರಿ. ನೀರು ಉಲ್ಟಾ ಹೋಗುವುದರಿಂದ ಒಳಗೆ ಬಾಯಿಗೆ ಅಂಟಿ ಕೂತ ಕೊಳೆ ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಮೊದಲು ಹನಿಹನಿ, ಆಮೇಲೆ ಕಂದು ಬಣ್ಣದ ಗಸಿ, ನಡುವೆ ತುಕ್ಕಿನ ಚಕ್ಕೆ, ಕೆಲವೊಮ್ಮೆ ಬೇರೆ ಬೇರೆ ಜಾತಿಯ ಕೂಲಂಟ್ ಬೆರೆಸಿದ್ದರಿಂದ ಆದ ಲೋಳೆ. ನೀರು ತಿಳಿಯಾಗಿ, ಧಾರೆ ದಪ್ಪವಾಗುವವರೆಗೆ ಬಿಡಿ. ಒಮ್ಮೆ ನೇರ, ಒಮ್ಮೆ ಉಲ್ಟಾ ಹೀಗೆ ಎರಡು ಮೂರು ಸುತ್ತು ಮಾಡಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಟಾಯ್ಲೆಟ್ ತೊಳೆಯುವ ಆಸಿಡ್ಡನ್ನಂತೂ ಹತ್ತಿರವೇ ತರಬೇಡಿ. ಕೋರ್ ಅಲ್ಯೂಮಿನಿಯಂನದು, ಕೊಳೆಯ ಜೊತೆ ಅದೂ ಕರಗುತ್ತದೆ. ಬಕೆಟ್ಟಿಗೆ ಬಂದದ್ದರಲ್ಲೂ ಗ್ಲೈಕಾಲ್ ಇರುತ್ತದೆ, ಚರಂಡಿಗೆ ಸುರಿಯುವಂತಿಲ್ಲ.

ನಮ್ಮ ಕಡೆಯ ಕಾರುಗಳಲ್ಲಿ ಕೋರ್ ಕಟ್ಟುವುದಕ್ಕೆ ದೊಡ್ಡ ಕಾರಣ ಬೋರ್‌ವೆಲ್ ನೀರು. ದಾರಿಯಲ್ಲಿ ಎಲ್ಲೋ ಕಡಿಮೆಯಾಯಿತೆಂದು ಹೋಟೆಲಿನ ನಲ್ಲಿ ನೀರು ತುಂಬಿಸುತ್ತೇವೆ, ಆಮೇಲೆ ಅದನ್ನೇ ಮರೆಯುತ್ತೇವೆ. ಗಡಸು ನೀರಿನ ಸುಣ್ಣ ಎಂಜಿನ್ನಿನ ದೊಡ್ಡ ದಾರಿಗಳಲ್ಲಿ ಹೇಗೋ ಹೊಂದಿಕೊಳ್ಳುತ್ತದೆ, ಕೋರಿನ ಸಣ್ಣ ನಾಳಗಳನ್ನು ಮುಚ್ಚಿಹಾಕುತ್ತದೆ. ತುರ್ತಿಗೆ ತುಂಬಿಸಿದ್ದರೆ ತಪ್ಪಲ್ಲ, ಊರಿಗೆ ಬಂದ ಮೇಲೆ ಇಳಿಸಿ ಸರಿಯಾದ ಕೂಲಂಟ್ ಹಾಕಿಸಿ.

ಮತ್ತೆ ತುಂಬಿಸುವುದು, ಗಾಳಿ ತೆಗೆಯುವುದು

ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಈ ಮಿಶ್ರಣ ಸುಮಾರು -37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ಕೂಲಂಟ್ ಜಾಸ್ತಿ ಹಾಕಿದಷ್ಟೂ ಒಳ್ಳೆಯದೆಂದುಕೊಳ್ಳಬೇಡಿ. ನೀರೇ ಬೆರೆಸದ ಗ್ಲೈಕಾಲ್ -13ರ ಸುಮಾರಿಗೇ ಗಟ್ಟಿಯಾಗುತ್ತದೆ, ಬಿಸಿಯನ್ನೂ ಅಷ್ಟು ಚೆನ್ನಾಗಿ ಒಯ್ಯುವುದಿಲ್ಲ. ತೊಳೆದ ಮೇಲೆ ಎಂಜಿನ್ ಮತ್ತು ಕೋರಿನಲ್ಲಿ ಬರೀ ನೀರು ಉಳಿದಿರುತ್ತದೆ, ಹಾಗಾಗಿ ಮೊದಲು ಒಟ್ಟು ಅಳತೆಯ ಅರ್ಧದಷ್ಟು ನೀರು ಬೆರೆಸದ ಕೂಲಂಟ್ ಹಾಕಿ, ಆಮೇಲೆ ಡಿಸ್ಟಿಲ್ಡ್ ವಾಟರಿನಿಂದ ಭರ್ತಿ ಮಾಡಿ. ಒಟ್ಟು ಎಷ್ಟು ಲೀಟರ್ ಎಂಬುದು ಕಾರಿನ ಕೈಪಿಡಿಯಲ್ಲಿದೆ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಕೈಪಿಡಿಯಲ್ಲಿ ಹೇಳಿದ ಬಗೆ ನೋಡಿ. ಚಳಿ ನಾಡಿನಲ್ಲಿರುವವರು ಕೊನೆಗೆ, ಕೂಲಂಟ್ ಎಷ್ಟು ಚಳಿ ತಡೆಯುತ್ತದೆಂದು ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಹಾಕಿ ನೋಡಿದರೆ ರಾತ್ರಿ ನಿದ್ದೆ ಬರುತ್ತದೆ.

ಗಾಳಿ ತೆಗೆಯುವುದರಲ್ಲಿ ಆತುರಪಟ್ಟರೆ ಮೇಲಿನ ಕೆಲಸವೆಲ್ಲ ವ್ಯರ್ಥ. ಕಾರಿನ ಮೂತಿ ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ರೇಡಿಯೇಟರಿನ ಬಾಯಿಗೆ ಬಿಗಿಯಾಗಿ ಕೂರುವ ಆಲಿಕೆ ಇಟ್ಟು ಅದರಲ್ಲಿ ಸ್ವಲ್ಪ ಕೂಲಂಟ್ ನಿಲ್ಲುವಷ್ಟು ತುಂಬಿಸಿ. ಮೇಲಿನ, ಕೆಳಗಿನ ದಪ್ಪ ಪೈಪುಗಳನ್ನು ಕೈಯಿಂದ ಹಿಚುಕುತ್ತಾ ಇದ್ದರೆ ಬುಡುಬುಡು ಎಂದು ಗುಳ್ಳೆ ಏಳುತ್ತವೆ. ಈಗ ಹೀಟರ್ ಪೂರ್ತಿ ಕೆಂಪಿನಲ್ಲಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆದ ಕ್ಷಣ ಆಲಿಕೆಯ ಮಟ್ಟ ಗಬಕ್ಕನೆ ಇಳಿಯುತ್ತದೆ, ತುಂಬಿಸುತ್ತಾ ಇರಿ. ಗುಳ್ಳೆ ನಿಂತು, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯಿರಿ ಎನ್ನುವುದು ವಾಡಿಕೆ. ಆದರೆ ಹೊರಗೆ -15 ಇದ್ದಾಗ ನಿಂತ ಕಾರಿನ ಫ್ಯಾನ್ ತಿರುಗುವುದೇ ಇಲ್ಲ. ಆಗ 2000–2500 ಆರ್‌ಪಿಎಮ್ಮಿನಲ್ಲಿ ಹಿಡಿದು ಕೆಳಪೈಪು ಬಿಸಿಯಾಯಿತೇ ಎಂದು ನೋಡಿ. ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ. ಕೆಲವು ಕಾರುಗಳಲ್ಲಿ ಗಾಳಿ ತೆಗೆಯಲೆಂದೇ ಸ್ಕ್ರೂ ಇರುತ್ತದೆ, ಕೈಪಿಡಿ ನೋಡಿಕೊಳ್ಳಿ.

ತಣಿದ ಮೇಲೆ ಮುಚ್ಚಳ ಹಾಕಿ ಒಂದು ಸುತ್ತು ಓಡಿಸಿ. ಅಡುಗೆಮನೆಯ ಥರ್ಮಾಮೀಟರನ್ನು ನಡುವಿನ ವೆಂಟಿಗೆ ಸಿಕ್ಕಿಸಿ: ಎಂಜಿನ್ ಪೂರ್ತಿ ಕಾದಿದ್ದು ಬ್ಲೋವರ್ ಕಡಿಮೆ ಸ್ಪೀಡಿನಲ್ಲಿದ್ದರೆ 50, 60 ಡಿಗ್ರಿ ತೋರಿಸಬೇಕು. ಮರುದಿನ ಬೆಳಿಗ್ಗೆ ರೇಡಿಯೇಟರಿನ ಮಟ್ಟವನ್ನು ಮತ್ತೊಮ್ಮೆ ನೋಡಿ, ಅರ್ಧ ಲೋಟ ಹಿಡಿದರೂ ಹಿಡಿದೀತು.

ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ

ತೆಗೆದ ಗಾಳಿ ವಾರದೊಳಗೆ ಮತ್ತೆ ಸೇರಿಕೊಂಡು ಹೀಟರ್ ತಣ್ಣಗಾದರೆ, ಹೊರಗೆ ಸೋರಿಕೆಯೂ ಕಾಣದಿದ್ದರೆ, ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಹೋಗಬೇಕು. ಸಿಲಿಂಡರಿನ ಹೊಗೆ ಕೂಲಂಟಿನೊಳಗೆ ನುಗ್ಗುತ್ತಿರುತ್ತದೆ. ರೇಡಿಯೇಟರಿನ ಬಾಯಿಗೆ ಹಿಡಿಯುವ ಒಂದು ಪರೀಕ್ಷಾ ಕೊಳವೆ ಸಿಗುತ್ತದೆ. ಅದರೊಳಗಿನ ನೀಲಿ ದ್ರವ ಹಳದಿಯಾದರೆ ಹೊಗೆ ಇರುವುದು ಖಚಿತ. ಇದು ಮನೆಯಂಗಳದಲ್ಲಿ ಮುಗಿಯುವ ಕೆಲಸವಲ್ಲ. ಗ್ಯಾರೇಜಿಗೆ ಓಡಿಸಿಕೊಂಡೂ ಹೋಗಬೇಡಿ, ಎಳೆಸಿಕೊಂಡು ಹೋಗಿ.

ಕೋರ್ ಸೋರುತ್ತಿದ್ದರೆ ತೊಳೆಯುವುದರಿಂದ ಪ್ರಯೋಜನವಿಲ್ಲ, ಬದಲಿಸಬೇಕು. ಹಣ ಕೂಡುವವರೆಗೆ ಎರಡು ಪೈಪುಗಳನ್ನು ಒಂದಕ್ಕೊಂದು ಜೋಡಿಸಿ ಕೋರನ್ನು ಬಿಟ್ಟು ಓಡಿಸುವ ಉಪಾಯವೊಂದಿದೆ. ಕೂಲಂಟ್ ಉಳಿಯುತ್ತದೆ, ಎಂಜಿನ್ ಬದುಕುತ್ತದೆ, ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಓಡಿಸುವವರಿಗೆ ಅಷ್ಟು ಸಾಕು. ಹಿಮ ಬೀಳುವ ಊರಿನಲ್ಲಿ ಮಾತ್ರ ಹಾಗೆ ಮಾಡಿ ರಸ್ತೆಗಿಳಿಯಬೇಡಿ. ಗಾಜಿನ ಮೇಲೆ ಕಟ್ಟುವ ಮಂಜು ಬಿಡಿಸಲು ಆ ಕಾರಿನಲ್ಲಿ ಬೇರೆ ದಾರಿ ಇರುವುದಿಲ್ಲ.